ಕುದಿಸಿದ ಬ್ರಾಂದಿ

ನನ್ನ ಮಾವನವರು ಒಂದು ಕಾಲಕ್ಕೆ ಭಯಂಕರ ಕುಡಿಯುತ್ತಿದ್ದರು ಎಂದು ನಂಬಿದವರು ನವಲಗುಂದದಲ್ಲಿ ಈಗಲೂ ಸಿಗುತ್ತಾರೆ. ಸುಳ್ಳು. ಅಪ್ಪಟ ಸುಳ್ಳು. ಅವರು ಜನ್ಮದಲ್ಲಿ ಒಂದು ಹನಿ ನಾಲಿಗೆಗೆ ಹಚ್ಚಿದವರಲ್ಲ. ಆ ಮನೆಯಲ್ಲಿ ಕುಡಿದವಳು ನಾನು. ಅದೂ ಏಳು ತಿಂಗಳ ಬಸುರಿ, ಹಸಿರು ಸೀರೆ ಉಟ್ಟು, ಮೊಣಕೈತನಕ ಹಸಿರು ಬಳೆ ಇಟ್ಟುಕೊಂಡು, ಹಾಡುಹಗಲು, ಅತ್ತೆಯ ಕೈಯಿಂದಲೇ ಕುಡಿದೆ.

ಎಂಬತ್ತರ ದಶಕದ ನಡುವಿನ ಮಾತು. ನಾನು ಕುಂದಗೋಳ ಕಡೆಯವಳು, ನವಲಗುಂದಕ್ಕೆ ಸೊಸೆಯಾಗಿ ಬಂದವಳು. ನನ್ನ ಗಂಡ ಹುಬ್ಬಳ್ಳಿಯಲ್ಲಿ ನೌಕರಿ ಮಾಡುತ್ತ ರವಿವಾರಕ್ಕೊಮ್ಮೆ ಬಂದು ಹೊಟ್ಟೆತುಂಬ ಉಂಡು, ಮಲಗಿ, ಸೋಮವಾರ ಮೊದಲ ಬಸ್ಸಿಗೆ ಹೋಗುವವರು. ಉಳಿದ ದಿನ ಮನೆಯಲ್ಲಿ ನಾನು, ಅತ್ತೆ, ಮಾವ. ಮಾವನವರು ಹೈಸ್ಕೂಲ್ ಮಾಸ್ತರರು. ವಿಜ್ಞಾನ ಕಲಿಸುತ್ತಿದ್ದರು. ದೆವ್ವ ಇಲ್ಲ, ದೃಷ್ಟಿ ಇಲ್ಲ, ಮಾಟ ಇಲ್ಲ ಎಂದು ಹುಡುಗರಿಗೆ ಹೇಳಿ ಮನೆಗೆ ಬಂದರೆ, ಇಲ್ಲಿ ಅತ್ತೆ ಉಪ್ಪು-ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕುತ್ತಿದ್ದರು. ಘಾಟಿಗೆ ಮಾವ ಕೆಮ್ಮುತ್ತಿದ್ದರೇ ಹೊರತು ಒಂದು ಮಾತು ಆಡುತ್ತಿರಲಿಲ್ಲ.

ಅವರಿಗಿದ್ದ ಇನ್ನೊಂದು ಹುಚ್ಚು ಎಂದರೆ ಕುಡಿತದ ವಿರುದ್ಧ ಭಾಷಣ. ಪ್ರತಿ ವರ್ಷ ಅಕ್ಟೋಬರ್ ಎರಡಕ್ಕೆ ಶಾಲೆಯ ಮೈದಾನದಲ್ಲಿ ಊರ ಹಿರಿಯರನ್ನೂ ಕೂಡಿಸಿ ಮದ್ಯಪಾನದ ದುಷ್ಪರಿಣಾಮಗಳನ್ನು ಹೇಳುತ್ತಿದ್ದರು. ಯಕೃತ್ತಿನಿಂದ ಶುರುವಾದರೆ ಮುಗಿಯುವ ಹೊತ್ತಿಗೆ ಬಿಸಿಲಿಗೆ ಒಂದೆರಡು ಹುಡುಗರು ತಲೆ ತಿರುಗಿ ಬೀಳುತ್ತಿದ್ದರು. ನಾನೂ ಮದುವೆಯಾದ ವರ್ಷ ಹೋಗಿ ಕೂತಿದ್ದೆ. ದೇವರಾಣೆ ಹೇಳುತ್ತೇನೆ, ಅಷ್ಟು ಬೋರಾದ ಭಾಷಣವನ್ನು ನಾನು ಇನ್ನೂ ಕೇಳಿಲ್ಲ. ಕುಡಿಯದವರಿಗೂ ಎದ್ದುಹೋಗಿ ಒಂದು ಗುಟುಕು ಹಾಕಬೇಕು ಅನ್ನಿಸುವಂತಿತ್ತು.

ಶ್ರಾವಣದಲ್ಲಿ ನನಗೆ ಏಳು ತುಂಬಿ ಕುಬಸ ಮಾಡಿದರು. ನಮ್ಮ ಕಡೆ ಚೊಚ್ಚಲ ಬಸುರಿಗೆ ಹಸಿರು ಸೀರೆ, ಕುಬಸದ ಖಣ ಕೊಟ್ಟು, ಉಡಿ ತುಂಬಿ, ಆರತಿ ಎತ್ತಿ ಹೆರಿಗೆಗೆಂದು ತವರಿಗೆ ಕಳಿಸುವ ಕಾರ್ಯ ಅದು. ನನ್ನನ್ನು ಕರೆದೊಯ್ಯಲು ನಮ್ಮವ್ವ ಹಿಂದಿನ ದಿನವೇ ಬಂದಿದ್ದಳು. ಓಣಿಯ ಹೆಂಗಸರೆಲ್ಲ ಬಂದಿದ್ದರು. ಜಮಖಾನೆ ನೇಯುವ ಬಾಜು ಮನೆಯ ಕಾಕೂ ತನ್ನ ಕೈಯಾರೆ ನೇಯ್ದ, ನವಿಲಿದ್ದ ಸಣ್ಣ ಜಮಖಾನೆ ತಂದು ನನ್ನ ಮಣೆಯ ಕೆಳಗೆ ಹಾಸಿದ್ದಳು. ಊರ ಡಾಕ್ಟರಬಾಯಿಯೂ ಊಟಕ್ಕೆ ಬಂದಿದ್ದರು. ನಮ್ಮ ಓಣಿಯ ತುದಿಗೇ ಅವರ ದವಾಖಾನೆ, ಎರಡು ಮಂಚದ್ದು. ದಪ್ಪ ಕನ್ನಡಕ, ಗಂಡಸಿನ ಗಡಿಯಾರ, ಬಾಯಿ ಮಾತ್ರ ಸಂತೆಯಲ್ಲಿ ಮೆಣಸಿನಕಾಯಿ ಮಾರುವವರದು. ಇಡೀ ಊರು ಅವರಿಗೆ ಹೆದರುತ್ತಿತ್ತು.

ಹೆಂಗಸರು ಹಾಡು ಹೇಳುವಾಗ ನನಗೆ ಸೊಂಟದಿಂದ ಏನೋ ಹಿಡಿದು ಹಿಂಡಿದಂತಾಯಿತು. ಹೋಳಿಗೆ ಜಾಸ್ತಿಯಾಯಿತು ಅಂದುಕೊಂಡೆ. ಬಿಟ್ಟಿತು. ಎರಡನೇ ಹಾಡಿಗೆ ಮತ್ತೆ ಬಂತು. ಮೂರನೆಯದಕ್ಕೆ ಹೊಟ್ಟೆ ಕಲ್ಲಿನ ಹಾಗೆ ಬಿಗಿಯಿತು. ಆರತಿ ತಟ್ಟೆ ಹಿಡಿದು ನಿಂತಿದ್ದ ಅತ್ತೆಯ ಸೆರಗು ಎಳೆದು ಕಿವಿಯಲ್ಲಿ ಹೇಳಿದೆ.

ಅತ್ತೆಯ ಮುಖದ ಮೇಲಿನ ನಗೆ ಒಂದು ಎಳೆಯೂ ಅಲುಗಲಿಲ್ಲ. ಆರತಿ ಮುಗಿಸಿದರು. “ಬರ್ರಿ ಬರ್ರಿ, ಕುಂಕುಮ ತಗೋರಿ, ಮಳಿ ಬರೂಹಂಗದ, ಲಗೂ ಮನಿ ಮುಟ್ರಿ” ಎಂದು ಎಲೆಯಡಿಕೆ ಕೈಗಿಟ್ಟು ಎಲ್ಲರನ್ನೂ ಬಾಗಿಲು ದಾಟಿಸಿದರು. ಬಾಜು ಮನೆಯ ಕಾಕೂ “ಪಾತ್ರಿ ತಿಕ್ಕಿ ಹೋಗ್ತೀನ್ರಿ” ಎಂದರೆ ಅವಳನ್ನೂ ಹೆಚ್ಚು ಕಡಿಮೆ ನೂಕಿದರು. ಕೊನೆಗೆ ಡಾಕ್ಟರಬಾಯಿಗೆ “ಒಳಗ ಬರ್ರಿ ಇಷ್ಟ, ಒಂದು ಸೀರಿ ತೋರಸೂದದ” ಎಂದರು.

ಡಾಕ್ಟರಬಾಯಿ ಕೈ ತೊಳೆದು ಬಂದು ನೋಡಿದರು. ಸೀರೆಯನ್ನಲ್ಲ, ನನ್ನನ್ನು.

“ನೋವು ಚಾಲೂ ಆಗ್ಯಾವ. ಖರೇ ನೋವು. ಗರ್ಭದ ಬಾಯಿ ಇನ್ನೂ ತೆರದಿಲ್ಲ ಪುಣ್ಯಾಕ್ಕ. ಈಗ ಹುಟ್ಟಬಾರದು ಇದು. ತಡೀಬೇಕು.”

ನಮ್ಮವ್ವ ಧೈರ್ಯ ಹೇಳಲು ಹೋದಳು. “ಏಳರಾಗಿನ ಕೂಸು ಬದುಕ್ತದಂತಲ್ಲರಿ. ಎಂಟರಾಗಿಂದ ಅಷ್ಟ ಉಳ್ಯೂದಿಲ್ಲಂತ.”

“ಯಾರ ಹೇಳಿದ್ರು ನಿಮಗ? ಕೂಸಿನ ಉಸರಾಡೂ ಚೀಲಾ ಇನ್ನೂ ಕಚ್ಚಾ ಅವ. ಕಾಜಿನ ಪೆಟಿಗ್ಯಾಗ ಇಡಬೇಕು, ಅದು ಹುಬ್ಬಳ್ಳ್ಯಾಗ ಅದ. ಬೆಣ್ಣಿಹಳ್ಳ ತುಂಬಿ ಬಂದು ನಿನ್ನಿ ರಾತ್ರಿಯಿಂದ ಬಸ್ ಬಂದ್. ಇಲ್ಲೆ ಹುಟ್ಟಿದ್ರ ಉಳ್ಯೂದಿಲ್ಲ, ಅಗದಿ ಸ್ವಚ್ಛ ಹೇಳ್ತೀನಿ.”

ಅಲ್ಲಿಯತನಕ ಹೊಟ್ಟೆಯೊಳಗಿನದು ನನಗೆ ವಾಂತಿ, ಎದೆಯುರಿ, ಅತ್ತೆಯ ಉಪದೇಶ, ಇಷ್ಟೇ ಆಗಿತ್ತು. ಉಳಿಯುವುದಿಲ್ಲ ಎಂದ ಕೂಡಲೇ ಅದು ನನ್ನ ಕೂಸಾಯಿತು. ಹೊಟ್ಟೆಯನ್ನು ಎರಡೂ ಕೈಯಿಂದ ಹಿಡಿದುಕೊಂಡೆ, ಹಿಡಿದರೆ ನಿಲ್ಲುತ್ತದೆ ಎನ್ನುವ ಹಾಗೆ.

ಡಾಕ್ಟರಬಾಯಿ ದವಾಖಾನೆಗೆ ಹೋಗಿ ತಮ್ಮಲ್ಲಿದ್ದ ಒಂದೇ ಒಂದು ಇಂಜೆಕ್ಷನ್ ತಂದು ಕೊಟ್ಟರು. ಬಿಗಿದ ಗರ್ಭಕೋಶವನ್ನು ಸಡಿಲಿಸುವಂಥದ್ದು. ಮಂಚದ ಕಾಲಕಡೆಗೆ ಇಟ್ಟಿಗೆ ಕೊಟ್ಟು ಎತ್ತರಿಸಿ, ನನ್ನ ತಲೆ ಕೆಳಗೆ ಕಾಲು ಮೇಲೆ ಮಾಡಿ ಮಲಗಿಸಿದರು. ನೋವು ಸ್ವಲ್ಪ ದೂರ ಸರಿಯಿತು, ಆದರೆ ಹೋಗಲಿಲ್ಲ. ಮುಂದಿನ ಇಂಜೆಕ್ಷನ್ ಹುಬ್ಬಳ್ಳಿಯಿಂದಲೇ ಬರಬೇಕು, ನಡುವೆ ಹಳ್ಳ. ಡಾಕ್ಟರಬಾಯಿ ಕನ್ನಡಕ ತೆಗೆದು ಒರೆಸಿಕೊಂಡರು.

“ಬ್ರಾಂದಿ ತರಸ್ರಿ” ಎಂದರು.

ಅತ್ತೆ ಕಿವಿಗೆ ಕೈ ಹಚ್ಚಿದರು. “ಏನಂದ್ರಿ?”

“ಬ್ರಾಂದಿ. ನಾ ಕಲಿಯೂ ಕಾಲಕ್ಕ ದೊಡ್ಡ ದವಾಖಾನ್ಯಾಗ ಇಂಥಾ ಬಸರ್ಯಾರಿಗೆ ಸಲೈನ್‌ನಾಗ ಆಲ್ಕೋಹಾಲ್ ಕೂಡಿಸಿ ಏರಸ್ತಿದ್ವಿ. ನೋವು ನಿಂದರ್ತಿತ್ತು. ಆ ಬಾಟ್ಲಿ ನನ್ನ ಕಡೆ ಇಲ್ಲ. ಬಾಯಿಲೆ ಕುಡಸೂಣು. ಹಳ್ಳ ಇಳಿಯೂತನಕಾ ಹ್ಯಾಂಗರ ಮಾಡಿ ದೂಡಬೇಕು.”

ಈಗ ಯಾವ ಡಾಕ್ಟರೂ ಈ ಕೆಲಸ ಮಾಡುವುದಿಲ್ಲ, ಮಾಡಲೂಬಾರದು. ಬಸುರಿ ಹೆಂಗಸು ಮದ್ಯ ಮುಟ್ಟಿದರೆ ಕೂಸಿಗೇ ಕೇಡು ಎಂದು ಈಗ ಎಲ್ಲರಿಗೂ ಗೊತ್ತು. ಆಗ ಡಾಕ್ಟರಬಾಯಿಯ ಕೈಯಲ್ಲಿದ್ದದ್ದು ಅಷ್ಟೇ. ಸುಮ್ಮನೆ ಕೂತು ಕೂಸು ಸಾಯುವುದನ್ನು ನೋಡುವ ಜಾತಿಯವರಲ್ಲ ಅವರು.

ನಮ್ಮ ಅತ್ತೆಯ ಮನೆಯೆಂದರೆ ಬೆಳ್ಳುಳ್ಳಿಯನ್ನೇ ಹಿತ್ತಲಿನಲ್ಲಿ ಸುಲಿಯಬೇಕಾದ ಮನೆ. ಮಡಿಯಲ್ಲಿದ್ದಾಗ ಕಾಗೆ ನೋಡಿದರೂ ಮತ್ತೆ ಮೀಯುವವರು ಅತ್ತೆ. ಆದರೆ ಅವರು ವಾದ ಮಾಡಲಿಲ್ಲ. ಪಡಸಾಲೆಗೆ ಹೋಗಿ ಮಾವನವರ ಮುಂದೆ ನಿಂತರು. ನನಗೆ ಒಳಗಿನಿಂದ ಎಲ್ಲ ಕೇಳಿಸುತ್ತಿತ್ತು.

“ಕೇಳಿಸ್ತಿಲ್ಲೋ? ಹೋಗಿ ತಗೊಂಡ ಬರ್ರಿ. ಯಾರಿಗೂ ಯಾಕಂತ ಹೇಳಬ್ಯಾಡ್ರಿ. ಹುಡುಗಿಗೆ ನೋವು ಬಂದಾವಂತ ಒಂದು ನರಪಿಳ್ಳಿಗೂ ಗೊತ್ತಾಗಬಾರದು. ಕೂಸು ಕೈಗೆ ಬರೂತನಕಾ ಯಾರ ಕಣ್ಣೂ ಬೀಳಬಾರದು. ನನ್ನ ಆಣಿ ಅದ.”

ದೃಷ್ಟಿ ಇಲ್ಲ ಎಂದು ಇಪ್ಪತ್ತು ವರ್ಷ ಪಾಠ ಮಾಡಿದ ಮನುಷ್ಯ ಕೆಮ್ಮಿದರು. ಆಮೇಲೆ “ಹೂಂ” ಎಂದರು.

ಮಾವ ಕೊಡೆ ತೆಗೆದುಕೊಂಡು ಹೋದರು. ಆಗ ಮಳೆ ಇರಲಿಲ್ಲ. ಮುಖ ಕಾಣಬಾರದೆಂದು ಕೊಡೆಯನ್ನು ಮೂಗಿನತನಕ ಇಳಿಸಿಕೊಂಡು ಪೇಟೆಯ ನಡುವೆ ನಡೆದರಂತೆ. ಕೊಡೆ ಕಳುವಾಗಬಾರದೆಂದು ಅದರ ಮೇಲೆ ತಾವೇ ಬಿಳಿ ಬಣ್ಣದಲ್ಲಿ ದಪ್ಪಗೆ ಹೆಸರು ಬರೆದಿದ್ದು ಅವರಿಗೆ ನೆನಪೇ ಆಗಲಿಲ್ಲ. ಬ್ರಾಂದಿ ಅಂಗಡಿಯ ಗಲ್ಲೆಯ ಮೇಲೆ ಕೂತವನು ಅವರದೇ ಹಳೆಯ ವಿದ್ಯಾರ್ಥಿ. ಮುಂದೆ ಅವನೇ ನನಗೆ ಹೇಳಿದ. ಕೊಡೆಯ ಮೇಲಿನ ಹೆಸರು ಓದಿ ಅವನು ಎದ್ದು, ಮಡಚಿ ಕಟ್ಟಿದ್ದ ಲುಂಗಿ ಇಳಿಸಿ, ಕೈ ಮುಗಿದು ನಿಂತನಂತೆ. “ಸರ, ಯಾರಿಗೆ ಬೇಕಾಗಿತ್ರಿ?” ಎಂದರೆ ಮಾವ ಕೊಡೆಯ ಒಳಗಿನಿಂದಲೇ “ನನಗs” ಎಂದರಂತೆ. ಆಣೆ ಹಾಕಿಸಿಕೊಂಡಿದ್ದರಲ್ಲ, ಸುಳ್ಳು ಹೇಳುವ ಅಭ್ಯಾಸವೂ ಇಲ್ಲ, ಬಾಯಿಗೆ ಬಂದದ್ದು ಅಷ್ಟೇ. ಗುರುಗಳಿಗೆಂದು ಅವನು ಇದ್ದುದರಲ್ಲಿ ಉತ್ತಮವಾದದ್ದನ್ನೇ ಕೊಟ್ಟ.

ಡಾಕ್ಟರಬಾಯಿ ಎಷ್ಟು ಹೊತ್ತಿಗೊಮ್ಮೆ ಕೊಡಬೇಕೆಂದಷ್ಟೇ ನನಗೂ ಅವ್ವನಿಗೂ ಹೇಳಿ, ಬೇರೆ ರೋಗಿ ನೋಡಿ ಬರುತ್ತೇನೆಂದು ಹೋಗಿದ್ದರು. ಬಾಟಲಿ ಬಂತು. ಅತ್ತೆ ಅದನ್ನು ಸೆರಗಿನ ತುದಿಯಿಂದ ಹಿಡಿದು ಒಯ್ದು, ಮೊದಲು ಹುಣಸೆಹಣ್ಣು ಹಚ್ಚಿ ತೊಳೆದರು. ಚೀಟಿಯೆಲ್ಲ ಕಿತ್ತುಹೋಯಿತು. ಆಮೇಲೆ ಅಡುಗೆಮನೆಯ ಬಾಗಿಲು ಹಾಕಿಕೊಂಡರು. ಸ್ವಲ್ಪ ಹೊತ್ತಿಗೆ ಮನೆಯೆಲ್ಲ ಒಂದು ಅಮಲಿನ ವಾಸನೆ. ಕಿಟಕಿಯಿಂದ ಓಣಿಗೂ ಹೋಯಿತು. ಕಟ್ಟೆಯ ಮೇಲೆ ಕೂತಿದ್ದ ಮುದುಕರು ಮೂಗು ಎತ್ತಿ ನಮ್ಮ ಮನೆಯ ಕಡೆ ತಿರುಗಿದರಂತೆ.

ಒಂದು ಬಟ್ಟಲಲ್ಲಿ ಬಿಸಿಬಿಸಿ ಕಂದು ರಸ ಬಂತು. ಕುಡಿದೆ. ಶುಂಠಿ, ಬೆಲ್ಲ, ಮೆಣಸು, ಮೇಲೆ ಒಂದು ತುಳಸಿ ಎಲೆ. ಏನೂ ಕೆಟ್ಟದೆನಿಸಲಿಲ್ಲ. ಜನ ಇದಕ್ಕಾಗಿ ಹೊಲ ಮನೆ ಹಾಳು ಮಾಡಿಕೊಳ್ಳುತ್ತಾರಲ್ಲ, ಏನು ಹುಚ್ಚರಪ್ಪಾ ಅಂದುಕೊಂಡೆ. ಇನ್ನೊಂದು ಬಟ್ಟಲು ಕುಡಿದೆ. ಮತ್ತೊಂದು. ನೋವು ಮಾತ್ರ ನಿಲ್ಲಲಿಲ್ಲ, ಹತ್ತಿರ ಹತ್ತಿರ ಬರತೊಡಗಿತು. ಹಲ್ಲು ಕಚ್ಚಿ ಹಸಿರು ಬಳೆ ಮಂಚದ ಸರಳಿಗೆ ಒತ್ತಿ ಒತ್ತಿ ಎಷ್ಟೋ ಒಡೆದವು. ನಮ್ಮವ್ವ ಬಳೆ ಒಡೆಯಿತೆಂದು ಅಳುತ್ತ ಕೂತಳು, ಅಪಶಕುನ ಅಂತೆ. ನನ್ನ ಜೀವ ಹೋಗುತ್ತಿದೆ, ಇವಳಿಗೆ ಬಳೆ ಚಿಂತೆ. ನನಗೆ ಎಂಥ ಸಿಟ್ಟು ಬಂತೆಂದರೆ, ಎದ್ದು ಹೋಗಿ ಎಂದು ಇಬ್ಬರನ್ನೂ ಬೈದೆ.

ಡಾಕ್ಟರಬಾಯಿ ಮರಳಿ ಬಂದು ಹೊಟ್ಟೆ ಮುಟ್ಟಿ ಹುಬ್ಬು ಗಂಟು ಹಾಕಿದರು. “ಕೊಟ್ಟೀರೇನ್ರಿ?”

“ಬಾಟ್ಲಿ ಪೂರಾ ಕೊಟ್ವಿ” ಎಂದರು ಅತ್ತೆ.

“ಪೂರಾ? ಹಂಗಿದ್ರ ಈಕಿ ಇಷ್ಟ ಶಾಣ್ಯಾಕಿ ಹಂಗ ಹ್ಯಾಂಗ ಮಾತಾಡ್ಲಿಕತ್ತಾಳ? ಬಾಯಿ ತೆಗಿಯs ಹುಡುಗಿ.” ಮೂಸಿದರು. “ಹ್ಯಾಂಗ ಕೊಟ್ರಿ?”

“ಹ್ಯಾಂಗ ಅಂದ್ರ? ಔಷಧ ಕೊಡೂಹಂಗ ಕೊಟ್ವಿ. ಚೊಲೋತ್ನಂಗ ಕುದಿಸಿ, ಅರ್ಧಕ್ಕ ಇಳಿಸಿ.”

ಡಾಕ್ಟರಬಾಯಿ ಬಾಯಿ ತೆರೆದವರು ಮುಚ್ಚಲಿಲ್ಲ.

“ಕುದಿಸಿದ್ರಾ?”

“ಹಸೀದು ಹ್ಯಾಂಗ ಕೊಡೂದ್ರಿ ಬಸರಿ ಹೆಂಗಸಿಗೆ? ಕುದಿಯೂ ಮುಂದ ಪಾತೇಲಿ ಮ್ಯಾಲೆ ಭಗ್ ಅಂತ ನೀಲಿ ಜ್ಯೋತಿ ಬಂತು ನೋಡ್ರಿ. ನಾ ಕೈ ಮುಗದೆ.”

ಡಾಕ್ಟರಬಾಯಿ ಹಣೆ ಹಣೆ ಬಡಿದುಕೊಂಡರು. “ಅಯ್ಯ ನಿಮ್ಮ! ಆ ಜ್ಯೋತಿನs ನನ್ನ ಔಷಧ! ಅದನ್ನ ಸುಟ್ಟು ಈಕಿಗೆ ಬೆಲ್ಲದ ನೀರು ಕುಡಿಸೀರಿ. ಎಲ್ಲಾ ಹಾಳ ಮಾಡಿದ್ರಿ, ಇನ್ನ ಹೊತ್ತಿಲ್ಲ. ಇನ್ನೊಂದು ತರಸ್ರಿ ಲಗೂ!”

ಅತ್ತೆ ಗೋಡೆ ಹಿಡಿದು ಕುಸಿದು ಕೂತರು. ಪಡಸಾಲೆಯಲ್ಲಿ ಮಾವ ಎಲ್ಲ ಕೇಳಿಸಿಕೊಂಡಿದ್ದರು. ಮೊದಲ ಸಲ ಕೊಡೆಯೊಳಗೆ ಹೊಕ್ಕು ಹೋದವರು ಈ ಸಲ ಚಪ್ಪಲಿಯನ್ನೂ ಹಾಕಿಕೊಳ್ಳಲಿಲ್ಲ. ಧೋತರ ಎತ್ತಿ ಕಟ್ಟಿ, ಕೆಸರಿನಲ್ಲಿ, ಇಡೀ ಪೇಟೆ ನೋಡುತ್ತಿದ್ದಂತೆ ಓಡಿದರು. ಬಾಟಲಿಯನ್ನು ಹಾಗೇ ಕೈಯಲ್ಲಿ ಹಿಡಿದು ಓಡುತ್ತ ಬಂದರು. ಒಂದು ಬಾಟಲಿಯಾದರೆ ಯಾರೋ ನೆಗಡಿಗೆ, ಬಾಣಂತಿಗೆ ಅಂದುಕೊಂಡು ಸುಮ್ಮನಿರುತ್ತಿದ್ದರೇನೋ. ಒಂದೇ ಮಧ್ಯಾಹ್ನ ಎರಡು ಬಾಟಲಿ, ಎರಡನೆಯದಕ್ಕೆ ಬರಿಗಾಲಲ್ಲಿ ಓಟ. ಮುಂದೆ ಯಾರಿಗೂ ಏನೂ ಕೇಳುವ ಕಾರಣ ಉಳಿಯಲಿಲ್ಲ.

ಈ ಸಲ ಡಾಕ್ಟರಬಾಯಿ ತಾವೇ ಹತ್ತಿರ ಕೂತು ಕುಡಿಸಿದರು. ದೇವರ ಮುಂದಿನ ತೀರ್ಥದ ಉದ್ಧರಣೆ ಎತ್ತಿ ಕೊಟ್ಟವರು ಅತ್ತೆಯೇ, ಅಳತೆಗೆಂದು. ಮೊದಲನೇ ಗುಟುಕಿಗೆ ಗಂಟಲಿನಿಂದ ಹೊಟ್ಟೆತನಕ ಬೆಂಕಿ ಎಳೆದ ಹಾಗಾಯಿತು. ಕೆಮ್ಮಿದೆ, ಉಗುಳಲು ಹೋದೆ. “ನುಂಗು!” ಎಂದು ಡಾಕ್ಟರಬಾಯಿ ಗದ್ದ ಹಿಡಿದರು. ಕೂಸಿಗಾಗಿ ನುಂಗಿದೆ. ಆಮೇಲೆ ಸುಮಾರು ಹೊತ್ತಿಗೆ ತೊಲೆಗಳು ನಿಧಾನಕ್ಕೆ ಈಜತೊಡಗಿದವು, ನನಗೆ ಜಗತ್ತಿನ ಮೇಲೆ ವಿಪರೀತ ಪ್ರೀತಿ ಬಂತು, ಬಾಯಿ ಬಿಚ್ಚಿತು.

ಆಡಬಾರದ್ದನ್ನೆಲ್ಲ ಆಡಿದೆ. ಅತ್ತೆಯ ಸಾರಿನಲ್ಲಿ ಉಪ್ಪೇ ಇರುವುದಿಲ್ಲ ಎಂದೆ. ಅವರ ಮಗ ಗೊರಕೆ ಹೊಡೆದರೆ ಹುಬ್ಬಳ್ಳಿ ಬಸ್ಸು ಏರು ಹತ್ತಿದ ಹಾಗೆ ಕೇಳುತ್ತದೆ ಎಂದೆ. “ಮಾವಾರs, ನಿಮ್ಮ ಭಾಷಣಕ್ಕಿಂತ ಈ ಬ್ರಾಂದಿ ಚೊಲೋ ಅದರಿ, ಲಗೂ ಮುಗೀತದ” ಎಂದು ಪಡಸಾಲೆಗೆ ಕೇಳುವ ಹಾಗೆ ಕೂಗಿದೆ. ನಮ್ಮವ್ವ ನಾಚಿಕೆಯಿಂದ ಮುಖ ಮುಚ್ಚಿಕೊಂಡಳು. ಹೊರಗಿನಿಂದ ಒಂದು ಕೆಮ್ಮು ಬಂತು. ಅದು ನಗೆಯೆಂದು ನಾನು ಇಂದಿಗೂ ಹೇಳುತ್ತೇನೆ.

ಅತ್ತೆ ಬೈಯಲಿಲ್ಲ. ನನ್ನ ತಲೆ ಸವರುತ್ತ ಕೂತಿದ್ದರು. ಕುಡಿದದ್ದು ನಾನು, ಆದರೆ ಒಳಗಿನ ಮಾತು ಹೊರಗೆ ಬಿದ್ದದ್ದು ಅವರದು.

“ನಿನ್ನ ಗಂಡಗಿಂತ ಮೊದಲ ನನಗ ಎರಡು ಹುಟ್ಟಿದ್ದವಾ. ಎರಡೂ ಏಳರಾಗ. ಒಂದಕ್ಕಂತೂ ತಲಿತುಂಬ ಕೂದಲಿದ್ದವು. ಬೆಳಗಿನ್ಯಾಗ ಹುಟ್ಟಿ ಮಧ್ಯಾಹ್ನಕ್ಕ ಹೋತು. ನಿನ್ನ ಮಾವಾರs ಅರಿವ್ಯಾಗ ಸುತ್ತಿಕೊಂಡು ಹೋಗಿ ಮಣ್ಣು ಮಾಡಿ ಬಂದ್ರು. ಎರಡೂ ಸರ್ತಿ. ಬಂದು ಒಂದು ಮಾತಾಡ್ಲಿಲ್ಲ. ಇದನ್ನೂ ನಾ ಕುದಿಸಿ ಕೊಂದೆನೇನs?”

ನಾನು ಅವರ ಕೈ ಹಿಡಿದೆ. ನಾಲಿಗೆ ಸರಿಯಾಗಿ ಹೊರಳುತ್ತಿರಲಿಲ್ಲ. “ಇಲ್ಲರಿ ಅತ್ತ್ಯಾರ, ನಿಂತಾವ” ಎಂದೆ. ಅವರನ್ನು ಸಮಾಧಾನ ಮಾಡಲು ಹೇಳಿದ್ದು ಅದು. ಹೇಳಿದ ಮೇಲೆ ನೋಡಿಕೊಂಡರೆ ನಿಜವಾಗಿಯೂ ನೋವು ದೂರ ದೂರ ಹೋಗುತ್ತಿತ್ತು. ಡಾಕ್ಟರಬಾಯಿ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡೇ ಕೂತಿದ್ದರು. ದೀಪ ಹಚ್ಚುವ ಹೊತ್ತಿಗೆ ಹೊಟ್ಟೆ ಮೆತ್ತಗಾಗಿತ್ತು.

ಮಾರನೆಯ ದಿನ ಹಳ್ಳ ಇಳಿಯಿತು, ಡಾಕ್ಟರಬಾಯಿಯ ಫೋನು ಮುಟ್ಟಿ ನನ್ನ ಗಂಡ ಹುಬ್ಬಳ್ಳಿಯಿಂದ ಇಂಜೆಕ್ಷನ್ನು, ಗುಳಿಗೆ ಎಲ್ಲ ಹೊತ್ತು ತಂದರು. ನಾನು ಆಗ ತಲೆ ಸಿಡಿಯುತ್ತ, ವಾಂತಿ ಮಾಡುತ್ತ, ಯಾರಾದರೂ ಉಸಿರಾಡಿದರೂ ಬೈಯುತ್ತ ಮಲಗಿದ್ದೆ. ತವರಿಗೆ ಹೋಗುವುದು ರದ್ದಾಯಿತು. ಮುಂದೆ ಬ್ರಾಂದಿ ಬೇಕಾಗಲಿಲ್ಲ. ಗುಳಿಗೆ ನುಂಗುತ್ತ, ಮಂಚದ ಮೇಲೆ ಕಾಲು ಎತ್ತರಿಸಿಕೊಂಡು, ಜಂತೆ ಎಣಿಸುತ್ತ ಬಿದ್ದುಕೊಂಡೆ.

ಊರಿನಲ್ಲಿ ಮಾತ್ರ ಬೆಂಕಿ ಹತ್ತಿತ್ತು. ಮಾಸ್ತರು ಒಳಗೊಳಗೇ ಕುಡಿಯುತ್ತಾರಂತೆ, ಹೆಂಡತಿಯೇ ಬಿಸಿ ಮಾಡಿ ಕೊಡುತ್ತಾಳಂತೆ. ಕರಿಹಲಗೆಯ ಮೇಲೆ ಹುಡುಗರು ಬಾಟಲಿ ಬರೆದಿಟ್ಟರು. ಹೆಡ್‌ಮಾಸ್ತರರು ಕರೆದು ಕೇಳಿದರೆ ಮಾವ “ಮನಿ ಅಡಚಣಿರಿ” ಎಂದಷ್ಟೇ ಹೇಳಿ ಬಂದರು. ಊರ ಖಾಯಂ ಕುಡುಕರಿಗಂತೂ ಅವರ ಮೇಲೆ ಪ್ರೀತಿ ಉಕ್ಕಿತು. ಒಬ್ಬನು ತೂರಾಡುತ್ತ ಬಂದು ನಮ್ಮ ಕಟ್ಟೆಯ ಮೇಲೇ ಕೂತು ಬುದ್ಧಿ ಹೇಳಿದ. “ಸರ, ತಪ್ಪ ತಿಳೀಬ್ಯಾಡ್ರಿ. ದಿನಕ್ಕ ಎರಡು ಭಾಳ ಆತ್ರಿ. ಲಿವರ್ ಹೊಕ್ಕೇತ್ರಿ. ನೀವs ಹೇಳಿದ್ರಲ್ಲ ನಮಗ.” ಮಾವ ತಲೆ ಬಗ್ಗಿಸಿ ಎಲ್ಲ ಕೇಳಿ, “ಹೌದಪಾ” ಎಂದು ಅವನಿಗೆ ನೀರು ತರಿಸಿ ಕೊಟ್ಟರು.

ಅಕ್ಟೋಬರ್ ಎರಡು ಬಂತು. ನಾನು ಹೋಗುವಂತಿರಲಿಲ್ಲ. ಬಾಜು ಮನೆಯ ಕಾಕೂನ ಮಗಳು ಬಂದು ಹೇಳಿದಳು. ಮಾವ ಎದ್ದು ನಿಂತು “ಮದ್ಯಪಾನ” ಎಂದರಂತೆ, ಇಡೀ ಮೈದಾನ ನಕ್ಕಿತಂತೆ. ನಗೆ ನಿಲ್ಲಲಿ ಎಂದು ಕಾದು, ನಿಲ್ಲದಿದ್ದಾಗ ನಮಸ್ಕಾರ ಮಾಡಿ ಕೂತರಂತೆ. ಅವತ್ತು ಮನೆಗೆ ಬಂದು ಉಣ್ಣಲಿಲ್ಲ.

ನನಗೆ ತಡೆಯಲಾಗಲಿಲ್ಲ. ಮಂಚದ ಮೇಲಿನಿಂದಲೇ ಕೂಗಿದೆ. “ಸಾಕಾತ್ರಿ ಇದು! ನಾ ಹೇಳ್ತೀನಿ ಎಲ್ಲಾರಿಗೂ. ಕುಡದಾಕಿ ನಾನು!”

“ಬಾಯಿ ಮುಚ್ಚು” ಎಂದರು ಅತ್ತೆ. ಹೇಳುತ್ತಲೇ ಓಣಿಯ ಕಡೆಯ ಕಿಟಕಿ ಮುಚ್ಚಿದರು. “ಕೂಸು ಕೈಗೆ ಬರ್ಲಿ.”

ನಾನು ಮಾವನ ಕಡೆ ತಿರುಗಿದೆ. “ದೃಷ್ಟಿ ಇಲ್ಲಂತ ನೀವs ಹೇಳ್ತೀರಿ. ಮತ್ತ ಸುಮ್ನ ಯಾಕ ಕೂತೀರಿ?”

ಅವರು ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು. “ದೃಷ್ಟಿ ಇಲ್ಲವಾ. ಆದ್ರ ಈಕಿಗೆ ಹೆದರಿಕಿ ಅದ. ಅದಂತೂ ಖರೇ ಅದ ಹೌದಲ್ಲೊ?” ಎಂದರು. ನಾನು ಗೋಡೆಯ ಕಡೆ ಮುಖ ಮಾಡಿ ಅತ್ತುಬಿಟ್ಟೆ.

ಒಂಬತ್ತು ತುಂಬಿತು. ಅಷ್ಟು ಗಡಿಬಿಡಿ ಮಾಡಿ ಹೊರಗೆ ಬರಲು ಹೊರಟಿದ್ದ ಕೂಸು ಈಗ ಅಲುಗಲು ಒಲ್ಲೆ ಎಂದಿತು. ದಿನ ಮೀರಿದರೂ ನೋವಿಲ್ಲ. ಬ್ರಾಂದಿಗೆ ಒಳಗೇ ನಿದ್ದೆ ಹತ್ತಿರಬೇಕು ಎಂದು ಅತ್ತೆಯ ಗುಮಾನಿ. ಡಾಕ್ಟರಬಾಯಿ ನನ್ನನ್ನು ತಮ್ಮ ದವಾಖಾನೆಯಲ್ಲಿ ಮಲಗಿಸಿ, ಸಲೈನ್‌ನಲ್ಲಿ ನೋವು ಬರಿಸುವ ಔಷಧ ಕೂಡಿಸಿ, ಹನಿಹನಿ ಬಿಟ್ಟು ಪಕ್ಕದಲ್ಲೇ ಗಡಿಯಾರ ನೋಡುತ್ತ ಕೂತರು.

“ಇದೇನ್ರಿ ಔಷಧ?” ಎಂದು ಅತ್ತೆ ಕೇಳಿದರು. ಕುದಿಸಬೇಕೇ ಎಂದು ಮಾತ್ರ ಕೇಳಲಿಲ್ಲ.

“ಹಿತ್ತಲದಾಗ ಆ ಗೌಳಿ ಎಮ್ಮಿಗೆ ಚುಚ್ಚತಾನಲ್ಲ, ಹಾಲು ಇಳೀಲಿ ಅಂತ, ಅದs ಇದು. ಎಮ್ಮಿಗೆ ಹಾಲು, ಈಕಿಗೆ ನೋವು.”

ನನ್ನ ಮರ್ಯಾದೆ ಇಷ್ಟೇ ಉಳಿದಿತ್ತು. ಆದರೆ ನಗುವಷ್ಟು ಪುರಸೊತ್ತು ಸಿಗಲಿಲ್ಲ. ಶ್ರಾವಣದ ನೋವು ಇದರ ಮುಂದೆ ಚಿಟಿಕೆ. ಯಾವ ನೋವು ಬರಬಾರದೆಂದು ಬ್ರಾಂದಿ ಕುಡಿದು ತಲೆಕೆಳಗಾಗಿ ಮಲಗಿದ್ದೆನೋ ಅದೇ ನೋವನ್ನು ಈಗ ಹನಿ ಲೆಕ್ಕದಲ್ಲಿ ಒಳಗೆ ಬಿಡುತ್ತಿದ್ದರು. ಗಂಡನನ್ನು ಬೈದೆ, ಗಂಡನ ಮನೆತನ ಬೈದೆ, ಗೌಳಿಯ ಎಮ್ಮೆಯನ್ನೂ ಬಿಡಲಿಲ್ಲ. ಈ ಸಲ ಕುಡಿದಿದ್ದೆ ಎನ್ನುವ ನೆಪವೂ ಇರಲಿಲ್ಲ. ಸಂಜೆ ಮಗಳು ಹುಟ್ಟಿದಳು. ಹುಟ್ಟಿದ ಕೂಡಲೇ ದವಾಖಾನೆಯ ಹೆಂಚು ಹಾರುವ ಹಾಗೆ ಚೀರಿದಳು. ಅತ್ತೆ ಕೂಸಿನ ಎದೆಗೆ ಕಿವಿಯಿಟ್ಟು ಉಸಿರು ಕೇಳಿದರು. ಮತ್ತೆ ಕೇಳಿದರು. ಆಮೇಲೆ ನೆಲಕ್ಕೆ ಕೂತು, ಯಾರು ನೋಡುತ್ತಾರೆನ್ನುವ ಖಬರಿಲ್ಲದೆ ಜೋರಾಗಿ ಅತ್ತರು.

ತೊಟ್ಟಿಲದ ದಿನ ಮನೆತುಂಬ ಮಂದಿ. ಬ್ರಾಂದಿ ಅಂಗಡಿಯ ಶಿಷ್ಯನೂ ಬಂದ. ಕೂಸಿಗೆ ಅಂಗಿ ತಂದಿದ್ದ, ಗುರುಗಳಿಗೆಂದು ಹಳೆಯ ಪೇಪರಿನಲ್ಲಿ ಸುತ್ತಿದ ಇನ್ನೊಂದನ್ನು ಮೆಲ್ಲಗೆ ಮಾವನ ಕೈಗಿಟ್ಟ. ಸುತ್ತಿದ್ದರೂ ಆಕಾರ ಮುಚ್ಚುತ್ತದೆಯೇ? ಗಂಡಸರು ಮೀಸೆಯಡಿಯಲ್ಲಿ ನಕ್ಕರು. ಅತ್ತೆ ನೋಡಿದರು. ತೊಟ್ಟಿಲ ಹಗ್ಗ ನನ್ನ ಕೈಗೆ ಕೊಟ್ಟು, ಪಡಸಾಲೆಯ ನಡುವೆ ಬಂದು ನಿಂತರು. ಗಂಡಸರ ಮುಂದೆ ದನಿಯೆತ್ತಿ ಮಾತಾಡದ ಹೆಂಗಸು ಅವರು.

“ಎಲ್ಲಾರೂ ಕೇಳ್ರಿ. ಅವತ್ತಿನ ಬ್ರಾಂದಿ ಕುಡದಾಕಿ ನನ್ನ ಸೊಸಿ. ಕುದಿಸಿ ಹಾಳ ಮಾಡಿದಾಕಿ ನಾನು. ಇವರಿಗೆ ಅದರ ರುಚಿನೂ ಗೊತ್ತಿಲ್ಲ. ಕೂಸು ಉಳೀಲಿ ಅಂತ ಬಾಯಿ ಮುಚ್ಚಿಕೊಂಡಿದ್ದೆ. ಇವರ ಬಾಯೂ ನಾನs ಮುಚ್ಚಿಸಿದ್ದೆ.”

ಆಮೇಲೆ ಯಾರೋ ಹಿರಿಯರು ಕಣ್ಣೊರೆಸಿಕೊಂಡು, “ಎಂಥಾ ಹೆಂಡ್ತಿ ನೋಡ್ರಿ! ಗಂಡನ ಮರ್ಯಾದಿ ಉಳಸಾಕ ಬಾಣಂತಿ ಸೊಸಿ ಹೆಸರು ಹೇಳಾಕತ್ತಾಳ” ಎಂದರು. ಎಲ್ಲರೂ ಹೌದು ಹೌದು ಎಂದರು. ನಾನು ಒಳಗಿನಿಂದ “ಖರೇನ ಹೇಳ್ತಾರ, ನಾನs ಕುಡದದ್ದು!” ಎಂದು ಕೂಗಿದೆ. ಸೊಸೆಯೂ ಚಿನ್ನದಂಥವಳು ಎಂದರು. ಯಾರೂ, ಒಬ್ಬರೂ ನಂಬಲಿಲ್ಲ. ಡಾಕ್ಟರಬಾಯಿ ಹೇಳಿ ನೋಡಿದರು, ಓಣಿಯವರಲ್ಲವೇ, ಅವರೂ ಸಹಾಯಕ್ಕೆ ನಿಂತರು ಎಂದುಕೊಂಡರು. ಅತ್ತೆ ಪೆಚ್ಚಾಗಿ ಮಾವನ ಮುಖ ನೋಡಿದರೆ ಅವರು ಕೆಮ್ಮುತ್ತಿದ್ದರು. ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು ಬಂದಿತ್ತು.

ಮರುವರ್ಷ ಅಕ್ಟೋಬರ್ ಎರಡಕ್ಕೆ ನಾನು ಮಗಳನ್ನು ಎತ್ತಿಕೊಂಡು ಮೈದಾನಕ್ಕೆ ಹೋದೆ, ಯಾರಾದರೂ ನಕ್ಕರೆ ಅವರ ಮನೆಗೇ ಹೋಗಿ ಜಗಳ ತೆಗೆಯಬೇಕೆಂದು. ಯಾರೂ ನಗಲಿಲ್ಲ. ಮಾವ ಆ ವರ್ಷ ಯಕೃತ್ತಿನ ಸುದ್ದಿಗೇ ಹೋಗಲಿಲ್ಲ. ನಾಲ್ಕು ಮಾತು ಆಡಿ ಮುಗಿಸಿದರು. ಜನ ಉಸಿರು ಬಿಗಿಹಿಡಿದು ಕೇಳಿದರು, ಕುಡಿದು ಬಿಟ್ಟ ಮನುಷ್ಯ ಆಡುವ ಮಾತೆಂದು.

ಭಾಷಣ ಮುಗಿದು ಎಲ್ಲ ಚದುರಿದ ಮೇಲೆ, ನಮ್ಮ ಕಟ್ಟೆಯ ಮೇಲೆ ಕೂತು ಬುದ್ಧಿ ಹೇಳಿದ್ದ ಆ ಕುಡುಕ ಹತ್ತಿರ ಬಂದ. ಅವತ್ತು ಕುಡಿದಿರಲಿಲ್ಲ.

“ಸರ, ಒಂದು ಮಾತು ಕೇಳ್ತೀನ್ರಿ. ಎರಡು ಬಾಟ್ಲಿ ಕುಡಿಯಾವ್ರು ಒಮ್ಮೆಲೆ ಹ್ಯಾಂಗ ಬಿಟ್ರಿ? ನನಗ ಒಂದು ದಿನಾನೂ ಆಗವಲ್ದರಿ. ಮನ್ಯಾಗ ಸಣ್ಣ ಕೂಸೈತಿ.”

ನಾನು ಬಾಯಿ ತೆರೆದೆ. ಇಲ್ಲಪ್ಪಾ, ಅವರು ಕುಡಿದೇ ಇಲ್ಲ ಎಂದು ಹೇಳುವವಳಿದ್ದೆ. ಮಾವ ನನ್ನ ಕಡೆ ನೋಡಿ ಬೇಡವೆಂದು ತಲೆಯಾಡಿಸಿದರು. ಸುಳ್ಳು ಹೇಳಲು ಬಾರದ ಮನುಷ್ಯ, ನನ್ನ ಕಂಕುಳಿನಿಂದ ಮಗಳನ್ನು ಎತ್ತಿಕೊಂಡು ಅವನಿಗೆ ತೋರಿಸಿದರು.

“ಈಕಿ ಮುಖಾ ನೋಡಿ ಬಿಟ್ಟೆಪಾ” ಎಂದರು.

ಅವನು ಬಹಳ ಹೊತ್ತು ಕೂಸಿನ ಮುಖ ನೋಡುತ್ತ ನಿಂತ. ಅವಳು ಅಜ್ಜನ ಕನ್ನಡಕ ಕಿತ್ತು ಬಾಯಿಗೆ ಹಾಕಿಕೊಂಡಳು.